ಊಟದ ಡಬ್ಬಿಯೊಳಗಿನ ತಂಪು

ನಮ್ಮಕ್ಕ ಅನ್ನಪೂರ್ಣೇಶ್ವರಿ ನಗರದ ಮನೆಯ ಕೆಳಗಡೆ ಇಡ್ಲಿ, ದೋಸೆ ಹಿಟ್ಟು ರುಬ್ಬಿಸಿ, ಪ್ಯಾಕೆಟ್ ಮಾಡಿ ಮಾರುತ್ತಾಳೆ. ಆ ಪ್ಯಾಕೆಟ್‌ಗಳನ್ನು ಗೂಡ್ಸ್ ಆಟೋದಲ್ಲಿ ಅಂಗಡಿಗಳಿಗೆ ಹಾಕುವವನು ನಾನು. ಓದಿದ್ದು ಏಳನೇ ಕ್ಲಾಸು. ಬರೆದು ಅಭ್ಯಾಸವಿಲ್ಲ. ಆದರೂ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಬೇಕಾದಾಗ ನಾನು ಹೇಳಲಿಲ್ಲ.

ಹಿಟ್ಟಿಗೆ ಜೀವ ಇರುತ್ತದೆ. ರುಬ್ಬಿದ ಮೇಲೆ ಇಷ್ಟೇ ಹೊತ್ತು ಹೊರಗಿಡಬೇಕು, ಹದಕ್ಕೆ ಬಂದ ತಕ್ಷಣ ತಂಪಿಗೆ ಸೇರಿಸಬೇಕು. ದಾರಿಯಲ್ಲಿ ತಂಪು ತಪ್ಪಿದರೆ ಅದು ಮತ್ತೆ ಹುಳಿ ಏರುತ್ತದೆ, ಪ್ಯಾಕೆಟ್ ಉಬ್ಬುತ್ತದೆ. ಹದ ನೋಡುವ ಕೆಲಸ ರುಬ್ಬುವ ಆಂಟಿಯದು. ವಿಜಯಪುರದ ಕಡೆಯವರು. ಹಿಟ್ಟಿನ ಮೇಲೆ ಕೈಯ ಹಿಂಭಾಗ ಇಟ್ಟು, ಒಮ್ಮೆ ಮೂಸಿ, "ಒಳಗಿಡ್ರಿ" ಎಂದರೆ ಮುಗಿಯಿತು. ಮೂರು ವರ್ಷದಲ್ಲಿ ಒಂದು ದಿನವೂ ಅವರ ಲೆಕ್ಕ ತಪ್ಪಿರಲಿಲ್ಲ. "ರೊಟ್ಟಿ ತಿನ್ನೋ ಊರಿಂದ ಬಂದು ನಿಮಗ ಇಡ್ಲಿ ಕಲಿಸಾಕ್ಹತ್ತೀನಿ ನೋಡ್ರಿ" ಎಂದು ನಗುತ್ತಿದ್ದರು. ಬೆಳಗ್ಗೆ ಪರೀಕ್ಷೆಗೆಂದು ಹೊಯ್ದ ಮೊದಲ ದೋಸೆ ಯಾವಾಗಲೂ ನನಗೇ. "ತಿನ್ನು ತಮ್ಮಾ, ನೀ ಸತ್ರ ಹಿಟ್ಟು ಕೆಟ್ಟೈತಿ ಅಂತ ತಿಳ್ಕೋತೀವಿ."

ರಾಜರಾಜೇಶ್ವರಿನಗರದ ಅಪಾರ್ಟ್‌ಮೆಂಟ್ ಅಂಗಡಿಗಳ ಆರ್ಡರ್ ಸಿಕ್ಕಾಗ ಅಕ್ಕನ ಕೆಲಸ ದೊಡ್ಡದಾಯಿತು. ಅವರದೊಂದು ಷರತ್ತಿತ್ತು. ಹಿಟ್ಟು ನಮ್ಮ ಮನೆ ಬಿಟ್ಟಾಗಿನಿಂದ ಅವರ ಅಂಗಡಿ ಸೇರುವ ತನಕ ಎಷ್ಟು ತಂಪಾಗಿತ್ತು ಎಂಬುದಕ್ಕೆ ರೆಕಾರ್ಡ್ ಬೇಕು. ಅಕ್ಕ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಸೆನ್ಸರ್ ತರಿಸಿದಳು. ಆಟೋದ ಹಿಂದಿನ ಐಸ್ ಬಾಕ್ಸಿನೊಳಗೆ ಅದನ್ನಿಟ್ಟರೆ ಒಳಗಿನ ತಂಪು ಮನೆಯಲ್ಲಿ ಕುಳಿತ ಅಕ್ಕನ ಫೋನಿನಲ್ಲಿ ಒಂದು ಗೆರೆಯಾಗಿ ಕಾಣುತ್ತಿತ್ತು. ತಂಪಿದ್ದರೆ ಹಸಿರು, ಬಿಸಿಯಾದರೆ ಕೆಂಪು. ಗಾಡಿ ಎಲ್ಲಿದೆ ಎಂಬುದು ಮಾತ್ರ ಅದರಲ್ಲಿ ತಿಳಿಯುತ್ತಿರಲಿಲ್ಲ.

"ಇನ್ಮೇಲೆ ಯಾವುದಕ್ಕೂ ಹೆದರಬೇಕಾಗಿಲ್ಲ ಕಣೋ, ಎಲ್ಲಾ ಕಣ್ಣ ಮುಂದೆ ಇರುತ್ತೆ" ಎಂದಳು ಅಕ್ಕ.

ಮಾರನೇ ದಿನದಿಂದ ನನ್ನ ಫೋನು ಬಡಿದುಕೊಳ್ಳತೊಡಗಿತು.

"ಯಾಕೋ ಕೆಂಪಾಯ್ತು?"

"ಬಾಕ್ಸ್ ತೆಗೆದೆ ಕಣೇ. ಅಂಗಡಿಯವರಿಗೆ ಪ್ಯಾಕೆಟ್ ಕೊಡಬೇಡ್ವಾ?"

"ಕೊಡೋಕೆ ಹತ್ತು ನಿಮಿಷಾನಾ? ಹರಟೆ ಹೊಡೀತಾ ನಿಂತಿದೀಯಾ?"

ಹರಟೆ ಹೊಡೆಯುತ್ತಿದ್ದೆ ನಿಜ. ಆದರೂ ಅಂಗಡಿಯವರ ಎದುರಿಗೆ ಅಕ್ಕನಿಂದ ಬೈಸಿಕೊಳ್ಳುವುದು ನನಗೆ ಅವಮಾನ ಅನ್ನಿಸಿತು. ಒಂದು ದಿನ ವಿಜಯನಗರದಲ್ಲಿ ಗಾಡಿ ನಿಲ್ಲಿಸಿ, ಊಟ ಮಾಡಿ, ಖಾಲಿ ಟಿಫಿನ್ ಡಬ್ಬಿ ತೊಳೆದೆ. ಅದರಲ್ಲಿ ಎರಡು ಐಸ್ ಪ್ಯಾಕ್ ಇಟ್ಟು, ನಡುವೆ ಆ ಸೆನ್ಸರ್ ಮಲಗಿಸಿ, ಮುಚ್ಚಳ ಹಾಕಿ, ಟವೆಲ್ ಸುತ್ತಿ ಸೀಟಿನ ಪಕ್ಕ ಇಟ್ಟುಕೊಂಡೆ. ಅಂದು ಸಂಜೆಯವರೆಗೆ ಫೋನ್ ಬರಲಿಲ್ಲ. ಮನೆಗೆ ಹೋದಾಗ ಅಕ್ಕ ಖುಷಿಯಾಗಿದ್ದಳು. "ಈಗ ನೋಡು, ಗೆರೆ ಎಷ್ಟು ನೀಟಾಗಿದೆ."

ಆಮೇಲೆ ಅದೇ ನನ್ನ ಪದ್ಧತಿಯಾಯಿತು. ಕೇಳುವವರಿಲ್ಲ ಎಂದ ಮೇಲೆ ಮೈ ಸಡಿಲವಾಯಿತು. ಬೆಳಗಿನ ಜಾವ ಎದ್ದವನಿಗೆ ಮಧ್ಯಾಹ್ನ ಕಣ್ಣು ಎಳೆಯುತ್ತಿತ್ತು. ಹೊಸಹಳ್ಳಿಯಲ್ಲಿ ಮೆಟ್ರೋ ಕೆಳಗಿನ ನೆರಳಿನಲ್ಲಿ ಆಟೋ ನಿಲ್ಲಿಸಿ ಸ್ವಲ್ಪ ಮಲಗುತ್ತಿದ್ದೆ. ಅರ್ಧ ಗಂಟೆ ಒಂದಾಯಿತು, ಒಂದು ಒಂದೂವರೆಯಾಯಿತು. ಮೆಟ್ರೋ ನೆರಳು ಬಿಸಿಲಿನ ಜೊತೆ ಸರಿಯುತ್ತದೆ. ಎದ್ದು ನೋಡಿದರೆ ನನ್ನ ಮುಖ ನೆರಳಿನಲ್ಲಿ, ಹಿಂದಿನ ಬಾಕ್ಸು ಬಿಸಿಲಿನಲ್ಲಿ. ಮುಟ್ಟಿದರೆ ಮುಚ್ಚಳ ಸುಡುತ್ತಿತ್ತು. ಏನೂ ಆಗಲ್ಲ ಎಂದುಕೊಂಡು ಗಾಡಿ ಸ್ಟಾರ್ಟ್ ಮಾಡುತ್ತಿದ್ದೆ.

ಬೇಸಿಗೆ ಏರಿದಾಗ ರಾಜರಾಜೇಶ್ವರಿನಗರದ ಅಂಗಡಿಯವನು ಅಕ್ಕನಿಗೆ ಫೋಟೋ ಕಳಿಸಿದ. ಪ್ಯಾಕೆಟ್‌ಗಳೆಲ್ಲ ಪೂರಿಯ ಹಾಗೆ ಉಬ್ಬಿದ್ದವು. "ಮೇಡಂ, ನಿಮ್ಮ ಹಿಟ್ಟು ನಮ್ಮ ಫ್ರಿಜ್ಜಲ್ಲಿ ಪಟಾಕಿ ಹೊಡೀತಾ ಇದೆ" ಎಂದನಂತೆ. ಮೂರು ಸಲ ಹಾಗಾಯಿತು. ಮೂರನೇ ಸಲ, ಇನ್ನೊಮ್ಮೆ ಆದರೆ ಆರ್ಡರ್ ಬೇಡ ಎಂದುಬಿಟ್ಟ.

ಅಕ್ಕ ಆಂಟಿಯನ್ನು ಕರೆದಳು. ನಾನೂ ಅಲ್ಲೇ ಕ್ರೇಟ್ ತೊಳೆಯುತ್ತಿದ್ದೆ. ಅಕ್ಕ ಫೋನ್ ಮುಂದೆ ಹಿಡಿದಳು.

"ನೋಡಿ ಆಂಟಿ, ಗಾಡೀಲಿ ತಂಪು ಎಲ್ಲೂ ತಪ್ಪಿಲ್ಲ. ಹಾಗಾದ್ರೆ ಇಲ್ಲೇ ಹುಳಿ ಜಾಸ್ತಿ ಆಗಿದೆ. ನೀವು ಹೊತ್ತು ಮೀರಿ ಹೊರಗೆ ಬಿಟ್ಟಿದೀರ."

"ಇಲ್ರೀ ಅಕ್ಕಾರ. ನಾ ಕೈ ಇಟ್ಟು ನೋಡೇ ಕೊಟ್ಟೀನಿ."

"ಕೈ ಬಿಡಿ. ಇದರಲ್ಲಿ ರೆಕಾರ್ಡ್ ಇದೆ."

ಆಂಟಿ ಆ ಹಸಿರು ಗೆರೆಯನ್ನು ಬಗ್ಗಿ ನೋಡಿದರು. ಅವರಿಗೆ ಅದು ಏನೂ ಹೇಳಲಿಲ್ಲ. ನನ್ನ ಕಡೆ ತಿರುಗಿದರು. "ತಮ್ಮಾ, ನೀನರ ಹೇಳು. ಮುಂಜಾನೆ ನೀ ಎತ್ತಿ ಇಡೋವಾಗ ಪ್ಯಾಕೆಟ್ ಹೆಂಗಿದ್ವು?"

ತಣ್ಣಗಿದ್ದವು. ಚಪ್ಪಟೆಯಾಗಿದ್ದವು. ನನ್ನ ಈ ಎರಡು ಕೈಯಲ್ಲೇ ಎತ್ತಿಟ್ಟಿದ್ದೆ.

"ನಾನು ಅಷ್ಟು ಗಮನಿಸಲಿಲ್ಲ ಆಂಟಿ" ಎಂದೆ.

ಅವರು ಕೈ ತೊಳೆದು, ಗೋಡೆಗೆ ನೇತುಹಾಕಿದ್ದ ಚೀಲ ತೆಗೆದುಕೊಂಡು ಹೋದರು. ಮಾರನೇ ದಿನ ಅಕ್ಕ ಬೇರೆಯವರನ್ನು ಗೊತ್ತುಮಾಡಿದಳು.

ನನಗೆ ಭಯ ಹಿಡಿಯಿತು. ಸೆನ್ಸರನ್ನು ಮತ್ತೆ ಐಸ್ ಬಾಕ್ಸಿನೊಳಗೇ ಇಟ್ಟೆ. ಮಧ್ಯಾಹ್ನದ ನಿದ್ದೆ ಬಿಟ್ಟೆ. ಪ್ಯಾಕೆಟ್ ಉಬ್ಬುವುದು ನಿಂತಿತು. ಅಷ್ಟಾದರೆ ಸಾಕು, ತಪ್ಪು ತಾನಾಗಿಯೇ ಕಳೆಯುತ್ತದೆ ಎಂದು ನಂಬಿಕೊಂಡೆ. ಆಗಿದ್ದು ಬೇರೆ. ಒಂದು ದಿನ ಅಕ್ಕ ಅನ್ನ ಬಡಿಸುತ್ತಾ, "ನೋಡಿದ್ಯಾ, ಆಂಟಿ ಹೋದ ಮೇಲೆ ಒಂದು ಪ್ಯಾಕೆಟ್ಟೂ ಕೆಟ್ಟಿಲ್ಲ" ಎಂದಳು. ನಾನು ಸರಿಯಾಗಿ ಕೆಲಸ ಮಾಡಿದಷ್ಟೂ ಅವರ ಮೇಲಿನ ಆರೋಪ ಗಟ್ಟಿಯಾಗುತ್ತಿತ್ತು.

ಬಸವೇಶ್ವರನಗರದಲ್ಲಿ ಹಿಟ್ಟಿನ ವ್ಯಾಪಾರ ಮಾಡುವ ಹೆಂಗಸೊಬ್ಬರು ಅಕ್ಕನಿಗೆ ಫೋನ್ ಮಾಡಿದ್ದು ಅದಾದ ಕೆಲವು ವಾರಕ್ಕೆ. ಆಂಟಿ ಅಲ್ಲಿ ಕೆಲಸ ಕೇಳಿದ್ದರು. ಅಕ್ಕ ಕೆಟ್ಟವಳಲ್ಲ. ನಿಧಾನವಾಗಿ, ನೊಂದುಕೊಂಡೇ ಹೇಳಿದಳು. "ಕೈ ಚೆನ್ನಾಗಿದೆ ಮೇಡಂ. ಆದ್ರೆ ತಪ್ಪು ಮಾಡಿದ್ರೆ ಒಪ್ಕೊಳ್ಳಲ್ಲ."

ನಾನು ಬಾಗಿಲಲ್ಲೇ ನಿಂತಿದ್ದೆ. ಆ ಮಾತು ನನಗೆ ಸಲ್ಲಬೇಕಾದದ್ದು. ಅದನ್ನು ಹೊತ್ತು ತಿರುಗುತ್ತಿದ್ದವರು ಆಂಟಿ.

ಆಗಲೂ ಹೇಳಲಿಲ್ಲ. ಎರಡು ದಿನ ಬಿಟ್ಟು, ಟಿಫಿನ್ ಡಬ್ಬಿಯಲ್ಲಿ ಎರಡು ಐಸ್ ಪ್ಯಾಕು, ಸೆನ್ಸರು ಇಟ್ಟು ಅಕ್ಕನ ಮುಂದೆ ಮುಚ್ಚಳ ತೆಗೆದೆ. ಅಕ್ಕ ಅದನ್ನು ನೋಡಿದಳು. ಫೋನ್ ನೋಡಿದಳು. ಗೆರೆ ಹಸಿರಾಗಿತ್ತು.

"ಹಾಗಾದ್ರೆ ಇಷ್ಟು ದಿನ ನಾನು ಕಾಯ್ತಾ ಕೂತಿದ್ದು ನಿನ್ನ ಊಟದ ಡಬ್ಬೀನಾ?"

ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿಲ್ಲ. "ಗಾಡಿ ತೆಗಿ" ಎಂದಳು.

ಆಂಟಿ ನಮ್ಮ ಪಕ್ಕದ ಬೀದಿಯ ಮನೆ ಬಿಟ್ಟು ಕೆಂಗೇರಿಯಲ್ಲಿ ಒಂದು ಕೋಣೆ ಹಿಡಿದಿದ್ದರು. ಯಾವುದೋ ಪಿಜಿಯ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದರು. ನಾವು ಹೋದಾಗ ಆಗತಾನೇ ಬಂದು ಕಾಲು ನೀಡಿ ಕುಳಿತಿದ್ದರು. ಅಕ್ಕ ಕೆಲಸಕ್ಕೆ ವಾಪಸ್ ಬನ್ನಿ ಎಂದಳು. ನಾನು ನೆಲ ನೋಡುತ್ತಾ ನಡೆದದ್ದನ್ನೆಲ್ಲ ಹೇಳಿದೆ. ಡಬ್ಬಿ, ನಿದ್ದೆ, ಗಮನಿಸಲಿಲ್ಲ ಎಂದ ಸುಳ್ಳು.

ಅವರು ಸೀರೆಯ ಸೆರಗಿನಿಂದ ಬೆರಳಿನ ಹಿಟ್ಟು ಒರೆಸಿಕೊಂಡರು. ಆಮೇಲೆ ಅಕ್ಕನಿಗೆ ಹೇಳಿದರು. "ವಾಪಸ್ ಬರೂದಿಲ್ರೀ. ನನ್ನ ಕೈ ನೀವು ನಂಬಲಿಲ್ಲ. ಆ ಬಸವೇಶ್ವರನಗರದವ್ರಿಗೆ ಫೋನ್ ಹಚ್ರಿ. ಈಗ, ನನ್ನ ಮುಂದ."

ಅಕ್ಕ ನಂಬರ್ ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ನನ್ನ ಕೈಗೆ ಕೊಟ್ಟಳು. "ನೀನೇ ಹೇಳು."

ಮುಖ ನೋಡದ ಹೆಂಗಸಿಗೆ ನಾನು ಹೇಳಿದೆ. ಹಿಟ್ಟು ಕೆಡಿಸಿದ್ದು ನಾನು, ಆಂಟಿಯಲ್ಲ ಎಂದೆ. ಆ ಕಡೆಯಿಂದ ಅವರು, "ಅಯ್ಯೋ, ಈಗ ಬೇರೆಯವರನ್ನ ತಗೊಂಡಾಯ್ತಲ್ಲಪ್ಪ" ಎಂದರು. "ಜಾಗ ಖಾಲಿಯಾದ್ರೆ ಹೇಳ್ತೀನಿ."

ಆಂಟಿ ತಲೆಯಾಡಿಸಿದರು. ಕೆಲಸ ಸಿಗದಿದ್ದರೂ ಅವರ ಮೇಲಿನ ಭಾರ ಸ್ವಲ್ಪ ಇಳಿದಂತೆ ಕಂಡಿತು. ನಾವು ಎದ್ದಾಗ ಬಾಗಿಲ ತನಕ ಬಂದರು. ಮೊದಲ ದೋಸೆ ಕೊಡುತ್ತಿದ್ದ ಕೈ ಚಿಲಕದ ಮೇಲಿತ್ತು. ಅವರು ತಮ್ಮಾ ಎನ್ನುತ್ತಾರೇನೋ ಎಂದು ಕಾದೆ.

"ಹೋಗಿ ಬರ್ರಿ ಡ್ರೈವರ್ ಅಣ್ಣಾರ" ಎಂದು ಬಾಗಿಲು ಮುಂದಕ್ಕೆ ಮಾಡಿದರು.