ಆ ಮನೆಯಲ್ಲಿ ಆಡದ ಮಾತು

ಲಿಫ್ಟಿನವನು ಅಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಲಿಫ್ಟು ಕೆಟ್ಟು ನಿಂತರೆ ರಿಪೇರಿ ಮಾಡುವ ಕೆಲಸ ಅವನದು. ಅವನಿದ್ದ ಕಟ್ಟಡಕ್ಕೆ ಮಾತ್ರ ಲಿಫ್ಟು ಇರಲಿಲ್ಲ. ಮೂರನೇ ಮಹಡಿಗೆ ಹತ್ತಿಕೊಂಡೇ ಹೋಗಬೇಕು. ಅದನ್ನು ಹೇಳಿ ನಗದವರೇ ಇಲ್ಲ. ಮನೆಯಲ್ಲಿ ಇದ್ದವರು ಇಬ್ಬರೇ, ಅವನು ಮತ್ತು ಅವನ ಅಕ್ಕ. ಅವನು ಮದುವೆಯಾಗಲಿಲ್ಲ. ಅಕ್ಕ, ಗಂಡ ತೀರಿಕೊಂಡ ಮೇಲೆ, ಒಂದು ಟ್ರಂಕು, ಒಂದು ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡು ತಮ್ಮನ ಬಾಗಿಲಿಗೆ ಬಂದಳು.

"ಬಂದೆ ಕಣೋ" ಅಂದಳು.

"ಕಿಟಕಿ ಪಕ್ಕ ಮಂಚ ಹಾಕಿದ್ದೀನಿ" ಅಂದ.

ಅಷ್ಟೇ ಮಾತು. ಆ ಇಬ್ಬರ ನಡುವೆ ಅದಕ್ಕಿಂತ ಹೆಚ್ಚಿಗೆ ಬೇಕಾಗಿರಲಿಲ್ಲ.

ಆ ಮನೆಯಲ್ಲಿ ಒಂದು ಮಾತು ಆಡುವಂತಿರಲಿಲ್ಲ. ಅದು ಹಳೆಯ ಕಥೆ. ಅಪ್ಪ ಅಮ್ಮ ಒಂದೇ ಜ್ವರದಲ್ಲಿ ಒಬ್ಬರ ಹಿಂದೆ ಒಬ್ಬರು ಹೋದಾಗ ಅಕ್ಕ ಇನ್ನೂ ಎರಡು ಜಡೆ ಹಾಕಿಕೊಳ್ಳುವ ಹುಡುಗಿ, ತಮ್ಮ ಮೂಗು ಒರೆಸಿಕೊಳ್ಳಲು ಬಾರದವನು. ಅವಳು ಶಾಲೆ ಬಿಟ್ಟು ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಸೇರಿದಳು. ಹಾಸಿಗೆ ಬಟ್ಟೆ ಒಗೆದು, ಹಿಂಡಿ, ಇಸ್ತ್ರಿ ಹಾಕಿ ಅವನನ್ನು ಶಾಲೆಗೆ ಕಳಿಸಿದಳು. ಒಂದು ದಿನ ಶಾಲೆಯಲ್ಲಿ ಯಾರೋ ದೊಡ್ಡವರು ಬಟ್ಟೆ ಹಂಚಲು ಬಂದರಂತೆ. "ಅನಾಥರು ಈ ಕಡೆ ಸಾಲಾಗಿ ನಿಲ್ಲಿ" ಅಂದರಂತೆ. ತಮ್ಮ ಹೋಗಿ ನಿಂತಿದ್ದ. ವಿಷಯ ತಿಳಿದು ಅಕ್ಕ ಒದ್ದೆ ತೋಳಿನಲ್ಲೇ ಶಾಲೆಗೆ ಹೋದಳು, ಸಾಲಿನಿಂದ ಅವನ ಕೈ ಹಿಡಿದು ಈಚೆಗೆ ಎಳೆದಳು. "ಇವನಿಗೆ ಅಕ್ಕ ಇದ್ದಾಳೆ ಮೇಷ್ಟ್ರೇ. ಅಕ್ಕ ಇರೋನು ಅದು ಹೇಗಾಗ್ತಾನೆ?" ಅಂದಳು. ಹೊಸ ಅಂಗಿ ಅಲ್ಲೇ ಬಿಟ್ಟು ಬಂದರು. ದಾರಿಯುದ್ದಕ್ಕೂ ಅವನು ಆ ಅಂಗಿಗಾಗಿ ಅತ್ತ. ಮನೆಗೆ ಬಂದ ಮೇಲೆ ಅವಳು ಅತ್ತಳು. ಅಂದಿನಿಂದ ಆ ಮಾತು ಆ ಮನೆಯ ಹೊಸ್ತಿಲು ದಾಟಲಿಲ್ಲ.

ದಾಟಿದ್ದು ಕಂಪ್ಯೂಟರಿನ ಮೂಲಕ.

ಯಾವುದೋ ಆಫೀಸಿನವರು ಹೊಸದು ತಂದಾಗ ಮಡಚುವಂಥ ಹಳೆಯ ಕಂಪ್ಯೂಟರನ್ನು ಲಿಫ್ಟಿನವನಿಗೆ ಕೊಟ್ಟಿದ್ದರು. ಬಿಚ್ಚಿದ, ಕೂಡಿಸಿದ, ಕಲಿತ. ಕಲಿಯುತ್ತ ಕಲಿಯುತ್ತ ಒಂದು ಗುಂಪು ಸೇರಿಕೊಂಡ. ದಿನವೂ ಕೆಲಸದಿಂದ ಬಂದು ಕೈಯ ಗ್ರೀಸು ತೊಳೆದು ಅದರ ಮುಂದೆ ಕೂರುತ್ತಿದ್ದ. ಅಕ್ಕನಿಗೆ ಅದು ಏನೆಂದು ಅವನೇ ಒಂದು ಸಲ ಬಿಡಿಸಿ ಹೇಳಿದ.

"ನೋಡಕ್ಕ, ಕಂಪ್ಯೂಟರಿನ ಒಳಗೆ ಸಣ್ಣ ಸಣ್ಣ ಪ್ರೋಗ್ರಾಮು ಸಾವಿರಾರು ಇರ್ತವೆ. ನಮ್ಮಂಥೋರು ಬರೆದು ಎಲ್ಲರಿಗೂ ಪುಕ್ಕಟೆ ಕೊಡ್ತಾರೆ. ಒಂದೊಂದನ್ನೂ ಗಂಟು ಕಟ್ಟಿ ಇಡ್ತೀವಿ, ಅದಕ್ಕೆ ಪ್ಯಾಕೇಜು ಅಂತೀವಿ. ಒಂದೊಂದು ಗಂಟಿಗೂ ನೋಡಿಕೊಳ್ಳೋ ಒಬ್ಬರು ಬೇಕು."

"ಕಟ್ಟಿಟ್ಟ ಗಂಟನ್ನ ನೋಡಿಕೊಳ್ಳೋದೇನು ಬಂತು? ಅದೇನು ಹಾಲಾ, ಉಕ್ಕೋದಕ್ಕೆ?"

"ಪಕ್ಕದ್ದು ಬದಲಾದ್ರೆ ಇದು ಕೆಡತ್ತೆ. ಲಿಫ್ಟಿಗೆ ಹೊಸ ಹಗ್ಗ ಹಾಕಿದ್ರೆ ಗಾಲಿನೂ ನೋಡಬೇಕಲ್ಲ, ಹಾಗೆ."

"ಸಂಬಳ?"

"ಇಲ್ಲ."

"ಬಯ್ಯೋರು?"

"ಅದಕ್ಕೇನೂ ಕೊರತೆ ಇಲ್ಲ."

ಆ ಗುಂಪಿನಲ್ಲಿ ಅವನಿಗೆ ಬಂದ ಕೆಲಸ ಹೊಣೆ ಹಂಚುವುದು. ಯಾರು ಯಾವ ಗಂಟು ನೋಡಿಕೊಳ್ಳುತ್ತಿದ್ದಾರೆ, ಯಾರಿಗೆ ಸಾಕಾಗಿದೆ, ಯಾರು ಮಾತು ಕೊಟ್ಟು ಮರೆತಿದ್ದಾರೆ, ಯಾರ ಮನೆಯಲ್ಲಿ ಕಾಯಿಲೆ, ಎಲ್ಲ ಅವನ ತಲೆಯಲ್ಲಿ. ಸಂಬಳ ಕೊಡದ ಕೆಲಸಕ್ಕೆ ಜನರನ್ನು ಗದರುವ ಹಾಗಿಲ್ಲ, ಬಿಡುವ ಹಾಗೂ ಇಲ್ಲ. ಭಾನುವಾರ ಮಧ್ಯಾಹ್ನ ಎಲ್ಲರೂ ಕಂಪ್ಯೂಟರಿನಲ್ಲೇ ಮಾತಿಗೆ ಸೇರುತ್ತಿದ್ದರು. ಮುಖ ಕಾಣುತ್ತಿರಲಿಲ್ಲ, ದನಿ ಮಾತ್ರ. ಹಾಗಾಗಿ ಅಕ್ಕನಿಗೂ ಅವರ ದನಿ ಪರಿಚಯ. ಒಬ್ಬ ಗೊಣಗಪ್ಪ, ಏನು ಹೇಳಿದರೂ ಮೊದಲು "ಆಗಲ್ಲ" ಅಂದು ಆಮೇಲೆ ಮಾಡಿಬಿಡುವವನು. ಇನ್ನೊಬ್ಬಳು ಬಾಣಂತಿ. ಮೊದಲ ಸಲ ಮಾತಾಡುವಾಗ ಹಿಂದೆ ಕೂಸು ಅತ್ತಿತ್ತೆಂದು ಅಕ್ಕ ಇಟ್ಟ ಹೆಸರು. ಆ ಕೂಸು ಶಾಲೆಗೆ ಹೋದರೂ ಅವಳು ಬಾಣಂತಿಯೇ.

ಅಂಥ ಒಂದು ಭಾನುವಾರ ಅಕ್ಕ ಸೊಪ್ಪು ಬಿಡಿಸುತ್ತ ಕೂತಿದ್ದಾಗ ಗೊಣಗಪ್ಪನ ದನಿ ಕೇಳಿಸಿತು. "ಮೂರು ಅನಾಥ ಬಿದ್ದಿವೆ. ತಿಂಗಳಿಂದ ಹೇಳ್ತಿದ್ದೀನಿ, ಯಾರಾದ್ರೂ ದತ್ತು ತಗೊಳ್ರಪ್ಪ."

ಸೊಪ್ಪು ಕೆಳಗೆ ಬಿತ್ತು. ಅಕ್ಕ ತಮ್ಮನ ಬೆನ್ನ ಹಿಂದೆ ಬಂದು ನಿಂತಳು. "ಯಾರ ಮಕ್ಕಳು? ಎಲ್ಲಿ ಬಿದ್ದಿವೆ?"

ತಮ್ಮ ನಕ್ಕುಬಿಟ್ಟ. ನೋಡಿಕೊಳ್ಳುವವರು ಕೈಬಿಟ್ಟ ಗಂಟಿಗೆ ಹಾಗೆ ಹೇಳುವುದು ರೂಢಿ, ಬೇರೊಬ್ಬರು ತೆಗೆದುಕೊಂಡರೆ ದತ್ತು ಅನ್ನುವುದು, ಮಕ್ಕಳಲ್ಲ ಅಕ್ಕ, ಅಂದ. ಅವಳು ನಗಲಿಲ್ಲ.

"ಮಕ್ಕಳಾಗಲಿ ಮಡಕೆಯಾಗಲಿ. ಈ ಮನೇಲಿ ಆ ಮಾತು ಬೇಡ."

ಅವನ ನಗು ನಿಂತಿತು. "ಇಲ್ಲ ಅಕ್ಕ, ಇನ್ಮೇಲೆ ಇಲ್ಲ" ಅಂದ.

ಅವತ್ತಿನಿಂದ ಭಾನುವಾರದ ಮಾತಿನಲ್ಲಿ ಎಲ್ಲರೂ "ಕೈ ಬೇಕಾಗಿದೆ" ಅನ್ನತೊಡಗಿದರು. ಮೂರಕ್ಕೆ ಕೈ ಬೇಕಾಗಿದೆ, ಒಂದಕ್ಕೆ ಕೈ ಸಿಕ್ಕಿತು. ಗೊಣಗಪ್ಪನೂ ಬಾಯಿ ತಪ್ಪಿದರೆ ನಾಲಿಗೆ ಕಚ್ಚಿಕೊಂಡು "ತಪ್ಪಾಯ್ತು ಅಕ್ಕ" ಅನ್ನುತ್ತಿದ್ದ.

ಹೀಗೆ ವರ್ಷಗಳು ಹೋದವು. ಆಮೇಲೆ ಅವನಿಗೆ ಮೆಟ್ಟಿಲು ಹತ್ತುವುದು ಕಷ್ಟವಾಯಿತು. ಲಿಫ್ಟು ಕೆಟ್ಟ ದಿನ ಎಲ್ಲರಿಗಿಂತ ಹೆಚ್ಚು ಮೆಟ್ಟಿಲು ಹತ್ತುವವನು ಲಿಫ್ಟಿನವನೇ. ಯಂತ್ರದ ಕೋಣೆ ಇರುವುದು ತುತ್ತತುದಿಯಲ್ಲಿ. ಒಂದು ದಿನ ಅರ್ಧದಲ್ಲೇ ಕೂತುಬಿಟ್ಟ. ಡಾಕ್ಟರು ನೋಡಿ, ಹೃದಯ ದೊಡ್ಡದಾಗಿದೆ ಅಂದರು.

"ಅದು ಇವನು ಚಿಕ್ಕೋನಿದ್ದಾಗಿಂದ ನನಗೆ ಗೊತ್ತು" ಅಂದಳು ಅಕ್ಕ.

ಡಾಕ್ಟರು ನಗಲಿಲ್ಲ. ಅವಳನ್ನು ಹೊರಗೆ ಕರೆದು, ದೊಡ್ಡದಾದದ್ದು ಸೋಲುತ್ತದೆ, ಇನ್ನು ಹೆಚ್ಚು ದಿನ ನಂಬುವ ಹಾಗಿಲ್ಲ ಅಂದರು. ತಮ್ಮನಿಗೆ ಇವಳು ಹೇಳಲಿಲ್ಲ. ಅವನು ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಅವನು ಮನೆಯಲ್ಲೇ ಉಳಿದ. ದಿಂಬಿಗೆ ಒರಗಿ ಕಂಪ್ಯೂಟರನ್ನು ಮಡಿಲ ಹತ್ತಿರ ಎಳೆದುಕೊಳ್ಳುವನು, ತೆರೆಯುವನು, ಬೆರಳು ಇಡುವನು, ಮುಚ್ಚುವನು. ದಿನವೂ ಅದೇ. ಅಕ್ಕ ಇಸ್ತ್ರಿ ಹಾಕುತ್ತ ಓರೆಗಣ್ಣಿನಲ್ಲಿ ನೋಡುತ್ತಿದ್ದಳು.

ಒಂದು ಬೆಳಿಗ್ಗೆ ಅವನು ನಿದ್ದೆಹೋಗಿದ್ದಾಗ ಗೊಣಗಪ್ಪನ ಫೋನು ಬಂತು.

"ಅಕ್ಕ, ಅವನಿಗೆ ಕೊಡಬೇಡಿ, ನಿಮ್ಮ ಹತ್ರಾನೇ ಮಾತಾಡಬೇಕು. ಅವನ ಕೈಯಲ್ಲಿ ಹತ್ತೋ ಹನ್ನೊಂದೋ ಗಂಟು ಇವೆ. ಎಲ್ಲರ ಗಂಟಿಗೂ ಜನ ಹುಡುಕಿದೋನು, ತನ್ನದನ್ನ ಮಾತ್ರ ಕೆಳಗಿಡ್ತಿಲ್ಲ."

"ನೀವೇ ತಗೊಳ್ಳಿ. ಬೇಡ ಅಂದೋರು ಯಾರು?"

"ಹಾಗೆ ಬರಲ್ಲ ಅಕ್ಕ. ಹಿಡಿದೋನು ಇರೋವರೆಗೂ ಇನ್ನೊಬ್ಬರು ಕೈ ಹಾಕೋ ಹಾಗಿಲ್ಲ, ಅದು ನಮ್ಮ ಕಟ್ಟಳೆ. ಕೈಬಿಟ್ಟಿದ್ದೀನಿ ಅಂತ ಅವನೇ ಬರೀಬೇಕು. ಬರೆದ್ರೆ ಎಲ್ಲ ಕಡೆ ಇರೋ ನಮ್ಮ ಜನಕ್ಕೆ ತಾನಾಗೇ ಸುದ್ದಿ ಹೋಗತ್ತೆ, ಯಾರೋ ಒಬ್ಬರು ಬರ್ತಾರೆ. ಬರೆಯದೆ ಏನಾದ್ರೂ ಆಗಿಹೋದ್ರೆ..." ಅಂದು ನಿಲ್ಲಿಸಿದ. "ಅವನು ನೋಡ್ತಿದ್ದಾನೆ ಅಂತ ಎಲ್ಲರೂ ಸುಮ್ಮನೆ ಕಾಯ್ತಾ ಇರ್ತಾರೆ. ಅಷ್ಟರಲ್ಲಿ ಒಂದೊಂದಾಗಿ ಕೆಟ್ಟು ಹೋಗ್ತವೆ."

"ಬರೆಯೋದಕ್ಕೆ ಅವನಿಗೇನಂತೆ?"

"ಕೈ ಬೇಕಾಗಿದೆ ಅಂತ ಬರೆದ್ರೆ ಯಂತ್ರಕ್ಕೆ ತಿಳಿಯಲ್ಲ ಅಕ್ಕ. ಅದಕ್ಕೆ ಗೊತ್ತಿರೋದು ಒಂದೇ ಮಾತು. ಅದನ್ನ ಈ ಮನೇಲಿ ಕೂತು ಬರೆಯಲ್ಲ ಅಂತಾನೆ."

ಅಕ್ಕ ಫೋನು ಇಟ್ಟಳು. ಇಸ್ತ್ರಿಪೆಟ್ಟಿಗೆ ದಿಂಬಿನ ಚೀಲದ ಮೇಲೇ ಇತ್ತು. ಸುಟ್ಟ ವಾಸನೆ ಬಂದ ಮೇಲೆ ಎತ್ತಿದಳು. ಅಷ್ಟು ವರ್ಷ ಆಸ್ಪತ್ರೆಯ ಬಟ್ಟೆಗೆ ಇಸ್ತ್ರಿ ಹಾಕಿದವಳು ಒಂದನ್ನೂ ಸುಟ್ಟಿರಲಿಲ್ಲ.

ತಮ್ಮ ಎದ್ದ ಮೇಲೆ ಗಂಜಿ ಕೊಟ್ಟಳು. ಬಟ್ಟಲು ತೆಗೆದಿಟ್ಟು ಮಂಚದ ಅಂಚಿನಲ್ಲಿ ಕೂತಳು.

"ಬರೆಯಲ್ಲ ಅಂದ್ಯಂತೆ."

"ಗೊಣಗಪ್ಪ ಚಾಡಿ ಹೇಳಿದ್ನಾ?"

"ನಾನು ಬೇಡ ಅಂದಿದ್ದು ಬಾಯಲ್ಲಿ ಆಡೋ ಮಾತು."

"ಮಾತು ಕೊಟ್ಟಿದ್ದೀನಿ ಅಕ್ಕ."

"ನನ್ನ ಮೇಲೆ ಹಾಕಬೇಡ ಕಣೋ" ಅಂದಳು. ದನಿ ಮೆತ್ತಗಿತ್ತು. "ನಾನು ಬೇಡ ಅಂದಿದ್ದಕ್ಕಲ್ಲ. ಬರೆದ್ರೆ ಹೊರಟ ಹಾಗೆ ಆಗತ್ತೆ ಅಂತ ನಿನಗೆ. ನನಗೂ ಅಷ್ಟೆ."

ಅವನು ಕಿಟಕಿ ಕಡೆ ತಿರುಗಿದ. ಎದುರು ಮನೆಯ ಹಗ್ಗದ ಮೇಲೆ ಯಾರದೋ ಕಾಲುಚೀಲ ಒಂದೇ ಒಂದು ತೂಗುತ್ತಿತ್ತು. "ನಾನು ಆ ಸಾಲಲ್ಲಿ ನಿಂತಿದ್ದೆನಲ್ಲ ಅಕ್ಕ" ಅಂದ, "ನನಗೆ ಅಂಗಿ ಬೇಕಾಗಿತ್ತು. ನೀನು ಬಂದೆ. ಇವಕ್ಕೆ ಯಾರೂ ಬರದೇ ಇದ್ರೆ?"

ಅಕ್ಕ ಕಂಪ್ಯೂಟರನ್ನು ಎತ್ತಿ ಅವನ ಮಡಿಲಲ್ಲಿಟ್ಟಳು. "ಬರಿ. ಅನಾಥ ಅಂತ ಬರಿ. ನಾನೇ ಹೇಳ್ತಿದ್ದೀನಿ."

ಅಷ್ಟು ವರ್ಷಗಳ ಮೇಲೆ ಆ ಮಾತು ಅವಳ ಬಾಯಿಂದಲೇ ಬಂತು. ಅವನು ಬರೆದ. ಒಂದು ಬರೆಯುವುದು, ಉಸಿರು ತೆಗೆದುಕೊಳ್ಳುವುದು, ಇನ್ನೊಂದು ಬರೆಯುವುದು. ಒಂದೊಂದೂ ಏನು ಮಾಡುತ್ತದೆ ಅಂತ ಅವಳಿಗೆ ಹೇಳುತ್ತಲೇ ಬರೆದ. ಇದು ಕಾಗುಣಿತದ ತಪ್ಪು ಹಿಡಿಯುತ್ತೆ. ಇದು ತಾರೀಖು ಲೆಕ್ಕ ಹಾಕುತ್ತೆ. ಇದು ನೀನು ನೋಡ್ತೀಯಲ್ಲ, ಆ ಪುಟ್ಟ ಪುಟ್ಟ ಚಿತ್ರಗಳನ್ನ ತೋರಿಸೋದು. ಕೊನೆಯದರ ಹತ್ತಿರ ಬಂದು ನಕ್ಕ.

"ಇದು ಕುಂಟ."

"ಅದೇನು ಹೆಸರು?"

"ನಾನೇ ಇಟ್ಟಿದ್ದು. ಕಟಕಟ ಅಂತ ಸದ್ದು ಮಾಡೋ ಹಳೇ ಪ್ರಿಂಟರು ಇರ್ತಿತ್ತಲ್ಲ, ಅದನ್ನ ಹೊಸ ಕಂಪ್ಯೂಟರಿಗೆ ಜೋಡಿಸತ್ತೆ. ಪಕ್ಕದಲ್ಲಿ ಏನು ಬದಲಾದ್ರೂ ಮೊದಲು ಇದರ ಕಾಲೇ ಮುರಿಯೋದು. ಎಷ್ಟು ಸಲ ಪಟ್ಟಿ ಕಟ್ಟಿದ್ದೀನೋ. ನಾನು ಮೊದಲು ಕಲಿತದ್ದು ಇದರಲ್ಲೇ. ಯಾರಿಗೂ ಬೇಡ ಇದು ಅಕ್ಕ."

ಮರುದಿನದಿಂದ ಉತ್ತರಗಳು ಬರತೊಡಗಿದವು. ಕಾಗುಣಿತದ್ದನ್ನು ಬಾಣಂತಿ ತೆಗೆದುಕೊಂಡಳು. ತಾರೀಖಿನದನ್ನು ಗೊಣಗಪ್ಪ, ಆಗಲ್ಲ ಅಂದು, ತೆಗೆದುಕೊಂಡ. ಎಂದೂ ಹೆಸರೇ ಕೇಳಿರದವರೂ ಒಂದೊಂದಕ್ಕೆ ಬಂದರು. ಪ್ರತಿ ಸಲವೂ ಅವನು ಅಕ್ಕನನ್ನು ಕರೆದು ಹೇಳುವನು. ಮನೆಯಲ್ಲಿ ಹೆಣ್ಣುಮಕ್ಕಳ ಮದುವೆ ಒಂದೊಂದಾಗಿ ಗೊತ್ತಾದಂತೆ ಇತ್ತು. ಆ ವಾರ ಅವನು ಎರಡು ಹೊತ್ತೂ ಉಂಡ. ಅಕ್ಕ ಫೋನಿನಲ್ಲಿ ಗೊಣಗಪ್ಪನಿಗೆ "ನೀವೀಗ ನಮಗೆ ಬೀಗರಾದಿರಿ" ಅಂದಳು. "ಹಾಗಾದ್ರೆ ನನ್ನ ಬಯ್ಯೋ ಹಾಗಿಲ್ಲ" ಅಂದ ಅವನು.

ಕುಂಟನಿಗೆ ಮಾತ್ರ ಯಾರೂ ಬರಲಿಲ್ಲ.

ದಿನವೂ ಬೆಳಿಗ್ಗೆ ತಮ್ಮ ಅದೊಂದನ್ನೇ ನೋಡುತ್ತಿದ್ದ. ಆಮೇಲೆ ಕಣ್ಣು ಮಬ್ಬಾಗಿ, "ಅಕ್ಕ, ನೀನು ನೋಡು, ಏನಾದ್ರೂ ಬಂದಿದೆಯಾ" ಅನ್ನುತ್ತಿದ್ದ. ಅವಳಿಗೆ ಅಷ್ಟು ಓದಲು ಬರುತ್ತಿತ್ತು. "ಇವತ್ತು ಇಲ್ಲ ಕಣೋ" ಅನ್ನುತ್ತಿದ್ದಳು. ಬಂದಿದೆ ಅಂತ ಸುಳ್ಳು ಹೇಳಬೇಕು ಅಂತ ಒಂದು ದಿನ ಬಾಯಿ ತೆರೆದಳು. ಅವನು ಮುಖ ನೋಡುತ್ತಿದ್ದ. ಬಾಯಿ ಮುಚ್ಚಿದಳು. ಅದೇ ವಾರ, ಬೆಳಗಿನ ಗಂಜಿ ಆರುವುದರೊಳಗೆ, ಅವನು ಹೋದ.

ಅವನನ್ನು ಕೆಳಗಿಳಿಸಲು ಮೂರು ಮಹಡಿ ಮೆಟ್ಟಿಲು. ಲಿಫ್ಟಿನ ಕಂಪನಿಯ ಜೊತೆಗಾರರು ಹೊತ್ತರು. ತಿರುವಿನಲ್ಲಿ ಒಬ್ಬ, "ಇವನ ಕೈಲಿ ಒಂದು ಲಿಫ್ಟು ಹಾಕಿಸಬೇಕಾಗಿತ್ತು ನೋಡು" ಅಂದ. ಅಂದವನೇ ಬಿಕ್ಕಿದ.

ಆಮೇಲೆ ಗೊಣಗಪ್ಪ ಆಗೀಗ ಫೋನು ಮಾಡುತ್ತಿದ್ದ. ನಿಮ್ಮ ತಮ್ಮಂದು ಎಲ್ಲ ಸುಖವಾಗಿವೆ ಅಕ್ಕ, ಬಾಣಂತಿ ಚೆನ್ನಾಗಿ ನೋಡಿಕೊಳ್ತಿದ್ದಾಳೆ, ಹೀಗೆ. ಅಕ್ಕ ಎಲ್ಲ ಕೇಳಿ ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಕುಂಟ?"

"ಹಾಗೇ ಇದೆ ಅಕ್ಕ."

"ಅದರ ಮುಂದೆ ಆ ಮಾತು ಇನ್ನೂ ಇದೆಯಾ?"

"ಇದೆ."

ಒಂದು ಸಲ ಫೋನು ಬಂದಾಗ ಅವನು ಗೊಣಗಲಿಲ್ಲ. ಅವಳಿಗೆ ಆಗಲೇ ತಿಳಿಯಿತು.

"ಅಕ್ಕ, ಕೆಳಗೆ ಆಧಾರಕ್ಕಿದ್ದ ಗಂಟೆಲ್ಲ ಬದಲಾಯ್ತು. ಕುಂಟ ಇನ್ನು ನಡೆಯಲ್ಲ. ನೋಡೋರು ಇಲ್ಲದ್ದನ್ನ ಇಟ್ಟುಕೊಳ್ಳೋ ಹಾಗಿಲ್ಲ. ನಾಳೆ ತೆಗೀತಾರೆ. ನಿಮಗೆ ಹೇಳದೆ ತೆಗೆಯೋದಕ್ಕೆ ಮನಸ್ಸು ಬರಲಿಲ್ಲ."

"ಅದನ್ನ ಯಾರಾದ್ರೂ ಬಳಸ್ತಿದ್ದಾರಾ?"

"ಇದ್ದ ಹಾಗಿಲ್ಲ."

ಅಕ್ಕ ಫೋನು ಇನ್ನೊಂದು ಕಿವಿಗೆ ಇಟ್ಟುಕೊಂಡಳು. "ಹೋಗೋದು ಹೋಗಲಿ. ಹೋಗೋ ಮುಂಚೆ ಆ ಮಾತು ತೆಗೆದು ನಿನ್ನ ಹೆಸರು ಹಾಕು."

"ನಾಳೆ ತೆಗೆಯೋದಕ್ಕೆ ಇವತ್ತು ಹೆಸರು ಹಾಕೋದಾ? ಆಗಲ್ಲ ಅಕ್ಕ. ಹಾಗೆ ಯಾರೂ ಮಾಡಲ್ಲ. ಅದರಿಂದ ಯಾರಿಗೇನು ಉಪಯೋಗ?"

"ಉಪಯೋಗ ಇಲ್ಲಪ್ಪ."

ಆ ಕಡೆಯಿಂದ ಕುರ್ಚಿ ಎಳೆದ ಸದ್ದು ಬಂತು, ಆಮೇಲೆ ಬೆರಳುಗಳ ಸದ್ದು. ಅವಳು ಕಾದಳು. ಎದುರು ಮನೆಯವಳು ಬಟ್ಟೆ ಒಳಗೆ ತೆಗೆದುಕೊಳ್ಳುತ್ತಿದ್ದಳು.

"ಹಾಕಿದೆ" ಅಂದ.

"ಈಗ ಅದರ ಮುಂದೆ ಏನಿದೆ, ಓದು."

ಓದಿದ. ಗೊಣಗಪ್ಪನ ನಿಜವಾದ ಹೆಸರನ್ನು ಅಕ್ಕ ಕೇಳಿದ್ದು ಅದೇ ಮೊದಲು.

"ಸರಿ" ಅಂದಳು. "ನಾಳೆ ನೀನೇ ತೆಗಿ. ಬೇರೆಯವರ ಕೈಗೆ ಕೊಡಬೇಡ."

ಫೋನು ಇಟ್ಟು ಬಂದಾಗ ಕೆಳಗಿನ ಮನೆಯಾಕೆ ಬಾಗಿಲಲ್ಲಿ ನಿಂತಿದ್ದಳು. "ಯಾರದು ಅಷ್ಟು ಹೊತ್ತು?"

"ಬೀಗರದು" ಅಂದಳು ಅಕ್ಕ. ಇಸ್ತ್ರಿಪೆಟ್ಟಿಗೆ ಆರಿಹೋಗಿತ್ತು. ಮತ್ತೆ ಕಾಯಲು ಇಟ್ಟಳು.