ಎರಡು ಕೀ, ಒಂದು ರಜೆ

ಫೋನಿನ ಆಟದಲ್ಲಿ ನಾನು ನಡೆಸುವ ಫುಟ್‌ಬಾಲ್ ತಂಡ ಮತ್ತೆ ಸೋತಿತು. ಹಿಂದೆ ನಿಂತು ಎದುರಾಳಿಗಳನ್ನು ತಡೆಯಬೇಕಾದ ಎಡಗಡೆಯವನಿಗೂ ಬಲಗಡೆಯವನಿಗೂ ಮುಂದೆ ನುಗ್ಗಲು ಹೇಳಿದ್ದೆ. ಅವರು ಹೋದ ಮೇಲೆ ಹಿಂದೆ ಬಟಾಬಯಲು.

ತೆಲುಗು ನಾಡಿನ ದುವ್ವಾಡದಲ್ಲಿ ನಾನು ಮ್ಯಾನೇಜರ್ ಆಗಿರುವ ಪುಟ್ಟ ಬ್ಯಾಂಕ್ ಶಾಖೆಯಲ್ಲಿ ಊಟದ ಹೊತ್ತು ಅದು. ಎದುರು ಕೂತು ಅನ್ನಕ್ಕೆ ಗೋಂಗೂರ ಚಟ್ನಿ ಕಲಸುತ್ತಿದ್ದ ಹೆಡ್ ಕ್ಯಾಷಿಯರ್ ಲಕ್ಷ್ಮಿಗಾರು, "ಯಾಕೆ ಸಾರ್ ನಿಟ್ಟುಸಿರು?" ಅಂದರು. ನನ್ನ ಹರಕು ತೆಲುಗಿನಲ್ಲಿ ಎಲ್ಲ ಹೇಳಿಕೊಂಡೆ.

"ಇದೇನು ಸಾರ್! ಸ್ಟ್ರಾಂಗ್ ರೂಮಿನ ಒಂದು ಕೀ ನಿಮ್ಮ ಹತ್ತಿರ, ಇನ್ನೊಂದು ನನ್ನ ಹತ್ತಿರ. ಇಬ್ಬರೂ ಒಟ್ಟಿಗೆ ರಜೆ ಹಾಕ್ತೀವಾ? ಒಬ್ಬರು ಹೋದರೆ ಇನ್ನೊಬ್ಬರು ಇರಬೇಕಲ್ವಾ ಅಂಡಿ?"

ಬಲಗಡೆಯವನನ್ನು ಹಿಂದೆಯೇ ನಿಲ್ಲಿಸಿದೆ. ಮುಂದಿನ ಪಂದ್ಯದಲ್ಲಿ ಒಂದೂ ಗೋಲು ಬಿಟ್ಟುಕೊಡಲಿಲ್ಲ. ಖುಷಿಯಲ್ಲಿ ಅವರಿಗೆ ಫೋನು ತೋರಿಸಿದೆ.

"ಚೂಶಾರಾ, ನೋಡಿದ್ರಾ!" ಎಂದು ಅವರು ಕೈ ತೊಳೆದು ಬಂದರು. "ಗನ್ನವರಂನಲ್ಲಿ ನನ್ನ ತಮ್ಮನ ಮಗಳ ಮದುವೆ. ಬರೋ ವಾರ ರಜೆ ಬೇಕು ಸಾರ್."

ಅದೇ ವಾರ ಹಾವೇರಿಯಲ್ಲಿ ನನ್ನ ತಂಗಿಯ ಗೃಹಪ್ರವೇಶ. ರೈಲು ಟಿಕೆಟ್ ಆಗಲೇ ಕನ್ಫರ್ಮ್ ಆಗಿತ್ತು. ಒಬ್ಬರ ಬದಲಿಗೆ ಕೀ ಹಿಡಿಯಲು ಶಾಖೆಯಲ್ಲಿ ಗುಮಾಸ್ತರೊಬ್ಬರಿದ್ದರು; ಇಬ್ಬರೂ ಹೋದರೆ ಇನ್ನೊಂದು ಕೀ ಹಿಡಿಯಲು ಯಾರೂ ಇಲ್ಲ.

ಅವರ ರಜೆ ಮಂಜೂರು ಮಾಡಿ, ನನ್ನ ಟಿಕೆಟ್ ರದ್ದು ಮಾಡಿದೆ. ಹಿಂದೆ ನಿಂತವನಿಗೆ ಏನನ್ನಿಸುತ್ತದೆ ಅನ್ನುವುದನ್ನು ಮಾತ್ರ ಆ ಆಟದಲ್ಲಿ ತೋರಿಸುವುದಿಲ್ಲ.