ಜಪ್ತಿ ನೋಟಿಸೂ ರೇಷ್ಮೆ ಬ್ಲೌಸೂ

ಸ್ನೇಹಿತರೇ, ನಿಟ್ಟುವಳ್ಳಿಯ ನನ್ನ ಟೈಲರಿಂಗ್ ಅಂಗಡಿಯ ಬಾಗಿಲಿಗೆ ಬೆಳಿಗ್ಗೆ ಕಂದಾಯದವರು ನೋಟಿಸ್ ಅಂಟಿಸಿದರು. ಬಾಕಿ ಕಟ್ಟದಿದ್ದರೆ ಒಳಗಿನ ಸಾಮಾನೆಲ್ಲ ಜಪ್ತಿಯಂತೆ. ಹೊಲಿಗೆ ಮಷೀನ್ ಹೋದರೆ ನನ್ನ ಗತಿಯೇನು ಎಂದು ಕೂತಿದ್ದೆ. ಎದುರುಮನೆ ಗಿರಿಜಕ್ಕ ಓಡಿ ಬಂದರು.

"ನನ್ನ ರೇಷ್ಮೆ ಬ್ಲೌಸೂ ಒಯ್ತಾರೇನ್ರಿ?"

"ಒಳಗೇ ಐತಲ್ರಿ, ಒಯ್ದರೂ ಒಯ್ದಾರು."

ಯುಗಾದಿಗೆ ಹೊಲಿದಿಟ್ಟ ಬ್ಲೌಸದು. ಕೇಳಿದಾಗಲೆಲ್ಲ "ಸಂಬಳ ಆಗ್ಲಿ ತಡೀರಿ" ಎನ್ನುತ್ತಿದ್ದವರು ತಕ್ಷಣ ಕೂಲಿ ಕೊಟ್ಟು ಒಯ್ದರು. ಸುದ್ದಿ ಓಣಿಗೆಲ್ಲ ಹಬ್ಬಿತು. ತಿಂಗಳುಗಟ್ಟಲೆ ನೇತಾಡುತ್ತಿದ್ದ ಬ್ಲೌಸುಗಳು ಮಧ್ಯಾಹ್ನದೊಳಗೆ ಮನೆ ಸೇರಿದವು. ಆ ದುಡ್ಡಲ್ಲೇ ಕಂದಾಯ ಕಟ್ಟಿದೆ.

ರಸೀದಿ ಕೊಟ್ಟ ಗುಮಾಸ್ತರು, "ಇನ್ನ ಆ ನೋಟಿಸ್ ಕಿತ್ತುಬಿಡ್ರಿ" ಎಂದರು.

"ಸ್ವಲ್ಪ ದಿನ ಇರ್ಲಿ ಬಿಡ್ರಿ ಸಾರ್," ಎಂದೆ. "ಇನ್ನೂ ಎರಡು ಬ್ಲೌಸ್ ಉಳಿದಾವೆ."